ಮಳೆ ರಜೆಯ ದಿನಗಳಲ್ಲಿ ಪಾಠ: ಕೆಮ್ಮಣ್ಣುಗುಂಡಿ ತಪ್ಪಲಿನ ಶಾಲೆಗಳಿಗೆ ಹೊಂದುವ ಆನ್‌ಲೈನ್ ಬೋಧನೆ

ಬಾಬಾಬುಡನ್‌ಗಿರಿ ಶ್ರೇಣಿಯಲ್ಲಿ ಮುಂಗಾರು ಬಲಿತಾಗ ತರೀಕೆರೆ ತಾಲ್ಲೂಕಿನ ಮಲೆನಾಡು ಭಾಗದ ಶಾಲೆಗಳಿಗೆ ರಜೆ ಘೋಷಣೆಯಾಗುವುದು ವಾಡಿಕೆ. ಅದೇ ದಿನ ಕಡೂರು ಮತ್ತು ಅಜ್ಜಂಪುರದ ಬಯಲು ಭಾಗದ ಶಾಲೆಗಳಲ್ಲಿ ಪಾಠ ಎಂದಿನಂತೆ ನಡೆದಿರುತ್ತದೆ. ಎಸ್.ಎಸ್.ಎಲ್.ಸಿ. ಪರೀಕ್ಷೆ ಮಾತ್ರ ಇಬ್ಬರಿಗೂ ಒಂದೇ ದಿನ, ಪ್ರಶ್ನೆಪತ್ರಿಕೆಯೂ ಒಂದೇ. ಕಳೆದುಹೋದ ದಿನಗಳನ್ನು ಶನಿವಾರ ಮಧ್ಯಾಹ್ನದ ತರಗತಿಗಳಿಂದ ತುಂಬಿಕೊಳ್ಳುವ ಪ್ರಯತ್ನ ನಡೆಯುತ್ತದೆಯಾದರೂ ವಾರಗಟ್ಟಲೆ ಕಡಿದುಹೋದ ಪಾಠದ ಎಳೆಯನ್ನು ಅದು ಪೂರ್ತಿ ಜೋಡಿಸಲಾರದು. ಆದ್ದರಿಂದ ಶಿಕ್ಷಕರನ್ನು ಆನ್‌ಲೈನ್ ಬೋಧನೆಗೆ ಸಜ್ಜುಗೊಳಿಸುವ ವಿಷಯ ಕೋವಿಡ್‌ನೊಂದಿಗೆ ಮುಗಿದುಹೋದ ಅಧ್ಯಾಯವೆಂದು ಈ ಭಾಗದಲ್ಲಿ ಯಾರೂ ಭಾವಿಸುವಂತಿಲ್ಲ.

2020ರ ಅನುಭವವನ್ನು ಇಲ್ಲಿ ಸ್ಮರಿಸುವುದು ಅವಶ್ಯ. ಆ ವರ್ಷದ ಜೂನ್‌ನಲ್ಲಿ ರಾಜ್ಯ ಸರ್ಕಾರವು ಕಿರಿಯ ತರಗತಿಗಳಿಗೆ ಆನ್‌ಲೈನ್ ಪಾಠವನ್ನು ನಿಷೇಧಿಸಿತು. ಜುಲೈನಲ್ಲಿ ಉಚ್ಚ ನ್ಯಾಯಾಲಯವು ಆ ಆದೇಶಕ್ಕೆ ತಡೆ ನೀಡಿತು. ಪ್ರೊ. ಎಂ.ಕೆ. ಶ್ರೀಧರ್ ಅವರ ಅಧ್ಯಕ್ಷತೆಯ ತಜ್ಞರ ಸಮಿತಿ ವರದಿ ಸಲ್ಲಿಸಿತು. ದೂರದರ್ಶನ ಚಂದನದಲ್ಲಿ 'ಸಂವೇದ' ಪಾಠಗಳು ಪ್ರಸಾರವಾದವು. ಆಗಸ್ಟ್‌ನಲ್ಲಿ ಆರಂಭವಾದ 'ವಿದ್ಯಾಗಮ' ಅಕ್ಟೋಬರ್‌ನಲ್ಲಿ ಸ್ಥಗಿತಗೊಂಡು 2021ರ ಜನವರಿ 1ರಿಂದ ಬದಲಾದ ರೂಪದಲ್ಲಿ ಮುಂದುವರಿಯಿತು. ಇವೆಲ್ಲದರಲ್ಲಿ ಇಂದಿಗೂ ಉಪಯುಕ್ತವಾದ ಅಂಶವೊಂದಿದೆ. ವಿದ್ಯಾಗಮವು ಮಕ್ಕಳನ್ನು ತರಗತಿವಾರು ಮಾತ್ರವಲ್ಲದೆ ಮನೆಯಲ್ಲಿ ಅಂತರ್ಜಾಲವಿರುವ ಫೋನ್ ಇದೆಯೇ, ಸಾಧಾರಣ ಫೋನ್ ಇದೆಯೇ, ಯಾವುದೂ ಇಲ್ಲವೇ ಎಂಬ ಆಧಾರದ ಮೇಲೂ ಗುಂಪು ಮಾಡಿತು. ಉಪಕರಣಕ್ಕೆ ಮೊದಲು ಮಗುವಿನ ಮನೆಯನ್ನು ನೋಡಬೇಕೆಂಬ ಈ ಕ್ರಮ ಸರಿಯಾದದ್ದು.

ತಪ್ಪಲಿನಲ್ಲಿ ಸಿಗ್ನಲ್ ಏಕೆ ದೊರೆಯುವುದಿಲ್ಲ ಎಂಬುದನ್ನೂ ಶಿಕ್ಷಕರು ತಿಳಿದಿರಬೇಕು. ಮೊಬೈಲ್ ತರಂಗಗಳು ಬಹುಮಟ್ಟಿಗೆ ನೇರವಾಗಿ ಚಲಿಸುತ್ತವೆ. ಗುಡ್ಡ ಅಡ್ಡ ಬಂದರೆ ಅದರ ಹಿಂದಿನ ಕಣಿವೆ ನೆರಳಿಗೆ ಬೀಳುತ್ತದೆ. ಮಳೆಯಲ್ಲಿ ತೊಯ್ದ ದಟ್ಟ ಎಲೆಗಳು ಉಳಿದ ಅಲ್ಪ ಶಕ್ತಿಯನ್ನೂ ಹೀರುತ್ತವೆ. ಸುಮಾರು 1,434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಯಂತಹ ಸ್ಥಳದಲ್ಲಿ ಬಯಲಿನತ್ತ ತೆರೆದ ಏಣಿನ ಮೇಲೆ ನಿಂತರೆ ದೂರದ ಟವರ್‌ನ ಸಂಪರ್ಕ ದೊರೆಯಬಹುದು. ಆದರೆ ಮಕ್ಕಳ ಮನೆಗಳು ಏಣಿನ ಮೇಲಿಲ್ಲ, ಹಳ್ಳದ ಬದಿಯಲ್ಲಿವೆ. ಒಂದು ಕಾಲದಲ್ಲಿ ಇದೇ ಗುಡ್ಡದ ಕಬ್ಬಿಣದ ಅದಿರು ರೋಪ್‌ವೇಯಲ್ಲಿ ಕೆಳಗಿಳಿದು ಭದ್ರಾವತಿಯ ಕಾರ್ಖಾನೆ ಸೇರುತ್ತಿತ್ತು. ಇಂದು ಐದು ನಿಮಿಷದ ವಿಡಿಯೊ ಅದೇ ಗುಡ್ಡವನ್ನು ಹತ್ತಲು ಹೆಣಗುತ್ತಿದೆ.

ಸರಳ ಲೆಕ್ಕವೊಂದನ್ನು ಗಮನಿಸಬಹುದು. ಸೆಕೆಂಡಿಗೆ 500 ಕಿಲೋಬಿಟ್ ಬಳಸುವ ನೇರ ವಿಡಿಯೊ ತರಗತಿ 40 ನಿಮಿಷ ನಡೆದರೆ ಸುಮಾರು 150 ಎಂಬಿ ಬೇಕು. ಅದೂ ತಡೆಯಿಲ್ಲದೆ ಹರಿಯಬೇಕು. ಸಂಪರ್ಕ ಎರಡು ನಿಮಿಷ ಕಡಿದರೆ ಆ ಎರಡು ನಿಮಿಷದ ಪಾಠ ಮಗುವಿಗೆ ಸಿಗುವುದೇ ಇಲ್ಲ. ಸೆಕೆಂಡಿಗೆ 32 ಕಿಲೋಬಿಟ್ ದರದಲ್ಲಿ ಮುದ್ರಿಸಿದ 5 ನಿಮಿಷದ ಧ್ವನಿಪಾಠಕ್ಕೆ ಸುಮಾರು 1.2 ಎಂಬಿ ಸಾಕು. ಇದು ತುಂಡು ತುಂಡಾಗಿ ಬಂದರೂ ಪೂರ್ತಿ ಬಂದು ಸೇರುತ್ತದೆ, ಮತ್ತೆ ಮತ್ತೆ ಕೇಳಲು ಫೋನಿನಲ್ಲೇ ಉಳಿಯುತ್ತದೆ. ಹೀಗಾಗಿ ಕಡೂರು ಪಟ್ಟಣದ ಶಾಲೆಗೆ ನೇರ ತರಗತಿ ಒಪ್ಪಬಹುದಾದರೂ ಲಿಂಗದಹಳ್ಳಿಯಿಂದ ಮೇಲಿನ ಊರುಗಳಿಗೆ ಮುದ್ರಿಸಿ ಕಳುಹಿಸುವ ಪಾಠವೇ ಸೂಕ್ತ. ಜಿಲ್ಲೆಗೆಲ್ಲ ಒಂದೇ ವೇಳಾಪಟ್ಟಿ ಹೊರಡಿಸುವುದು ಕಚೇರಿಗೆ ಸುಲಭ, ಮಕ್ಕಳಿಗಲ್ಲ.

ಇನ್ನೊಂದು ಅಡಚಣೆ ಸಮಯದ್ದು. ಕಾಫಿ ತೋಟದ ಲೈನ್ ಮನೆಗಳಲ್ಲಿ ಅನೇಕ ಕಡೆ ಒಂದೇ ಫೋನ್ ಇರುತ್ತದೆ, ಅದು ಬೆಳಿಗ್ಗೆ ತಂದೆಯ ಜೇಬಿನಲ್ಲಿ ತೋಟಕ್ಕೆ ಹೋಗುತ್ತದೆ. ಹತ್ತು ಗಂಟೆಗೆ ನೇರ ತರಗತಿ ನಡೆಸಿದ ಶಿಕ್ಷಕರು ಆ ಮಗುವನ್ನು ಗೈರುಹಾಜರೆಂದು ಬರೆದುಕೊಂಡರೆ ಅದು ಮಗುವಿನ ತಪ್ಪಲ್ಲ. ಪಾಠವನ್ನು ಸಂಜೆ ಆರರೊಳಗೆ ಕಳುಹಿಸಿ ಉತ್ತರಕ್ಕೆ ಮರುದಿನ ರಾತ್ರಿಯವರೆಗೆ ಅವಕಾಶ ನೀಡಬೇಕು. ಇದಕ್ಕಾಗಿ ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿ ಪ್ರತಿ ಮಗುವಿನ ಮುಂದೆ ಮೂರು ಸಂಗತಿ ಬರೆದಿಟ್ಟರೆ ಸಾಕು: ಫೋನ್ ಯಾರದು, ಮನೆಗೆ ಬರುವುದು ಎಷ್ಟು ಹೊತ್ತಿಗೆ, ಸಿಗ್ನಲ್ ಸಿಗುವುದು ಎಲ್ಲಿ.

ಮೊದಲ ಪಾಠವನ್ನು ಧ್ವನಿಯಲ್ಲೇ ಆರಂಭಿಸುವುದು ಒಳಿತು. ಕ್ಯಾಮೆರಾ ಎದುರು ಅಳುಕುವ ಹಿರಿಯ ಶಿಕ್ಷಕರು ಮೂವತ್ತು ವರ್ಷ ತರಗತಿಯಲ್ಲಿ ಪಳಗಿಸಿದ ಕಂಠ ಉಳ್ಳವರು; ಅವರ ಪದ್ಯವಾಚನಕ್ಕೆ ಬೇರೆ ಅಲಂಕಾರ ಬೇಡ. ಶೀಟ್ ಛಾವಣಿಯ ಕೆಳಗೆ ಮಳೆಯ ಸದ್ದು ಪಾಠವನ್ನು ನುಂಗುವುದರಿಂದ ಹೆಂಚಿನ ಅಥವಾ ತಾರಸಿಯ ಕೋಣೆಯಲ್ಲಿ ಇಯರ್‌ಫೋನ್ ಮೈಕ್ ಬಳಸಿ ಮುದ್ರಿಸಬೇಕು. ಗಣಿತಕ್ಕೆ ಬರಹ ಕಾಣಲೇಬೇಕು. ಎರಡು ಪುಸ್ತಕದ ರಾಶಿಗಳ ಮೇಲೆ ಪಟ್ಟಿಯೊಂದನ್ನು ಅಡ್ಡವಿಟ್ಟು, ಅದರ ಅಂಚಿನಲ್ಲಿ ಫೋನನ್ನು ಮಲಗಿಸಿ, ಕೆಳಗಿನ ಹಾಳೆಯ ಮೇಲೆ ಬರೆಯುತ್ತಾ ಮಾತನಾಡಿದರೆ ಉತ್ತಮ ಪಾಠವಾಗುತ್ತದೆ. ಶಿಕ್ಷಕರ ಮುಖ ಕಾಣದಿದ್ದರೂ ಲೆಕ್ಕ ಕಂಡರೆ ಸಾಕು.

ಲಿಖಿತ ಟಿಪ್ಪಣಿಗಳಲ್ಲಿ ಪದೇ ಪದೇ ಆಗುವ ತೊಡಕೆಂದರೆ ಅಕ್ಷರದ್ದು. ಶಾಲೆಯ ಕಂಪ್ಯೂಟರಿನಲ್ಲಿ 'ನುಡಿ'ಯ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಕಡತ ಪೋಷಕರ ಫೋನಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತದೆ, ಏಕೆಂದರೆ ಫೋನಿನಲ್ಲಿ ಆ ಅಕ್ಷರಶೈಲಿ ಇರುವುದಿಲ್ಲ. ಯೂನಿಕೋಡ್‌ಗೆ ಪರಿವರ್ತಿಸಬೇಕು, ಇಲ್ಲವೇ ಪಿಡಿಎಫ್ ಮಾಡಿ ಕಳುಹಿಸಬೇಕು. ಫೋನಿನ ಕೀಲಿಮಣೆಯಲ್ಲಿ ಕನ್ನಡವನ್ನು ಹೇಳಿ ಬರೆಸುವ ಸೌಲಭ್ಯವೂ ಈಗ ಇದ್ದು, ಬೆರಳಚ್ಚು ಬಾರದವರಿಗೆ ಅದು ದೊಡ್ಡ ಅನುಕೂಲ.

ಎಲ್ಲವನ್ನೂ ಹೊಸದಾಗಿ ತಯಾರಿಸಬೇಕಾಗಿಲ್ಲ. 2017ರಲ್ಲಿ ಆರಂಭವಾದ ದೀಕ್ಷಾ ವೇದಿಕೆಯ ಪಾಠಗಳಿಗೆ ಪಠ್ಯಪುಸ್ತಕದಲ್ಲೇ ಕ್ಯೂಆರ್ ಸಂಕೇತಗಳಿವೆ. ಸ್ಕ್ಯಾನ್ ಆಗದಿದ್ದರೆ ಅದರ ಕೆಳಗಿನ ಆರು ಅಕ್ಷರಗಳನ್ನು ಬರೆದು ಹುಡುಕಬಹುದು. ಸಂಪರ್ಕವಿರುವಲ್ಲಿ ಇಳಿಸಿಕೊಂಡ ಪಾಠವನ್ನು ಸಂಪರ್ಕವಿಲ್ಲದಲ್ಲಿ ನೋಡಬಹುದು. ಇದಕ್ಕೆ ಗ್ರಾಮ ಪಂಚಾಯಿತಿ ಕಚೇರಿಯ ಭಾರತ್‌ನೆಟ್ ಸಂಪರ್ಕವನ್ನೂ, 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದ, ಈಗ ಅರಿವು ಕೇಂದ್ರಗಳೆನಿಸಿದ ಗ್ರಂಥಾಲಯಗಳನ್ನೂ ಬಳಸಿಕೊಳ್ಳಬೇಕು. ವಾರಕ್ಕೊಮ್ಮೆ ಶಿಕ್ಷಕರು ಅಲ್ಲಿ ಕುಳಿತು ಮುಂದಿನ ವಾರದ ಪಾಠಗಳನ್ನು ಇಳಿಸಿಕೊಳ್ಳಲು ಗ್ರಂಥಾಲಯ ಮೇಲ್ವಿಚಾರಕರು ಸ್ಥಳ ಮತ್ತು ಸಮಯ ಒದಗಿಸಿದರೆ ಅತಿಥಿ ಶಿಕ್ಷಕರ ಸ್ವಂತ ಡೇಟಾ ಖರ್ಚಾಗುವುದೂ ತಪ್ಪುತ್ತದೆ.

ತರಬೇತಿಯ ವಿಷಯದಲ್ಲಿ ಒಂದು ಮಾತು. ಸಭಾಂಗಣದಲ್ಲಿ ಪ್ರೊಜೆಕ್ಟರ್ ಮೂಲಕ ಹತ್ತು ಉಪಕರಣಗಳನ್ನು ಒಂದೇ ದಿನ ತೋರಿಸಿದರೆ ಮರುದಿನಕ್ಕೆ ಒಂದೂ ಉಳಿಯದು. ಅದರ ಬದಲು ಸಿ.ಆರ್.ಪಿ.ಗಳು ಪ್ರತಿ ಶಾಲೆಯಲ್ಲಿ ಇಬ್ಬರನ್ನು ಜೋಡಿ ಮಾಡಲಿ: ಫೋನ್ ಬಲ್ಲ ಕಿರಿಯರು, ಪಾಠ ಬಲ್ಲ ಹಿರಿಯರು. ಹಿರಿಯರ ಕೈಯಲ್ಲೇ ಫೋನ್ ಇರಬೇಕು. ಕಿರಿಯರು ಕಸಿದುಕೊಂಡು ತಾವೇ ಒತ್ತಿಬಿಟ್ಟರೆ ಕೆಲಸ ಬೇಗ ಮುಗಿಯುತ್ತದೆ, ಕಲಿಕೆ ಆಗುವುದಿಲ್ಲ.

ಮೌಲ್ಯಮಾಪನಕ್ಕೆ ಟಿಪ್ಪಣಿ ಪುಸ್ತಕದ ಛಾಯಾಚಿತ್ರವೇ ಸಾಕು. ಮಗು ಕಳುಹಿಸಿದ ಪುಟಕ್ಕೆ ಬರಿಯ ಹೆಬ್ಬೆರಳಿನ ಚಿಹ್ನೆ ಹಾಕುವುದಕ್ಕಿಂತ ಮಗುವಿನ ಹೆಸರು ಹಿಡಿದು ಅರ್ಧ ನಿಮಿಷದ ಧ್ವನಿಯಲ್ಲಿ ತಪ್ಪು ತಿಳಿಸುವುದು ಹೆಚ್ಚು ಫಲಕಾರಿ. ಗುಂಪಿನಲ್ಲಿ ಎಲ್ಲರ ಸಂಖ್ಯೆಗಳೂ ಎಲ್ಲರಿಗೂ ಕಾಣುವುದರಿಂದ ಪೋಷಕರ ಒಪ್ಪಿಗೆ ಪಡೆದು ಸೇರಿಸಬೇಕು, ಸಂದೇಶ ಹಾಕುವ ಅಧಿಕಾರ ಶಿಕ್ಷಕರಿಗೆ ಮಾತ್ರ ಇರಿಸಬೇಕು. ಮಕ್ಕಳ ಉತ್ತರ ಖಾಸಗಿಯಾಗಿ ಬರಲಿ. ಪರದೆಯ ಅವಧಿಗೂ ಮಿತಿಯಿದೆ: ಕೇಂದ್ರದ 2020ರ 'ಪ್ರಜ್ಞಾತಾ' ಮಾರ್ಗಸೂಚಿಯು 1ರಿಂದ 8ನೇ ತರಗತಿಗೆ ದಿನಕ್ಕೆ 30ರಿಂದ 45 ನಿಮಿಷದ ಎರಡು ಅವಧಿಗಳನ್ನು ಮೀರಬಾರದೆಂದಿದೆ.

ಫೋನೇ ಇಲ್ಲದ ಮಗುವಿಗೆ ಕಾಗದವೇ ಆನ್‌ಲೈನ್. ಅದೇ ಪಾಠದ ಅಭ್ಯಾಸ ಹಾಳೆಯನ್ನು ಅಂಗನವಾಡಿ, ಹಾಲಿನ ಡೈರಿ ಅಥವಾ ನ್ಯಾಯಬೆಲೆ ಅಂಗಡಿಯಲ್ಲಿ ಇರಿಸಿ, ಮಳೆ ಬಿಡುವು ಕೊಟ್ಟಾಗ ಪೋಷಕರು ಒಯ್ಯುವಂತೆ ಎಸ್.ಡಿ.ಎಂ.ಸಿ. ಸಭೆಯಲ್ಲೇ ನಿರ್ಧರಿಸಿಕೊಳ್ಳಬೇಕು. ಇದನ್ನೆಲ್ಲ ಜುಲೈನಲ್ಲಿ ಕಂಬ ಉರುಳಿ ಕರೆಂಟ್ ಹೋದ ಮೇಲೆ ಯೋಚಿಸಲಾಗದು. ಶಾಲೆ ಆರಂಭವಾದ ಮೊದಲ ಎರಡು ವಾರಗಳಲ್ಲಿ, ಆಕಾಶ ತಿಳಿಯಾಗಿರುವ ಒಂದು ಸಂಜೆ, ಪ್ರತಿ ಶಾಲೆಯೂ ಎಲ್ಲ ಮನೆಗಳಿಗೆ ಎರಡು ನಿಮಿಷದ ಧ್ವನಿಪಾಠವೊಂದನ್ನು ಪ್ರಾಯೋಗಿಕವಾಗಿ ಕಳುಹಿಸಿ, ಯಾವ ಮನೆಯಿಂದ ಉತ್ತರ ಬರಲಿಲ್ಲವೋ ಆ ಹೆಸರುಗಳನ್ನು ಮರುದಿನವೇ ಪಟ್ಟಿ ಮಾಡಿಕೊಳ್ಳುವುದು.