‘ರೈಸ್’ ಎಂಬ ಕುಲನಾಮ: ಮೂಲ ಮತ್ತು ಚರಿತ್ರೆ

ಕರ್ನಾಟಕದ ಶಾಸನಾಧ್ಯಯನದ ಚರಿತ್ರೆಯಲ್ಲಿ ‘ರೈಸ್’ ಎಂಬ ಹೆಸರಿಗಿರುವ ಸ್ಥಾನ ಸರ್ವವಿದಿತವಾದುದು. ಬೆಂಜಮಿನ್ ಲೂಯಿಸ್ ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಾಲೆಯ 12ನೆಯ ಸಂಪುಟ 1904ರಲ್ಲಿ ಪ್ರಕಟವಾಯಿತು. ತುಮಕೂರು ಜಿಲ್ಲೆಗೆ ಮೀಸಲಾದ ಆ ಸಂಪುಟದ ಮೂಲಕವೇ ಮಧುಗಿರಿ, ಸಿರಾ, ಪಾವಗಡ ಮತ್ತು ಕೊರಟಗೆರೆ ಸೀಮೆಯ ಶಾಸನಗಳು ವಿದ್ವಲ್ಲೋಕಕ್ಕೆ ಪರಿಚಿತವಾದವು. ಹಾಗಿದ್ದರೂ ಆ ಹೆಸರಿನ ಮೂಲವೇನೆಂಬ ಪ್ರಶ್ನೆಯತ್ತ ಕನ್ನಡದಲ್ಲಿ ಹರಿದ ಗಮನ ಕಡಿಮೆ. ಈ ಕುಲನಾಮದ ಚರಿತ್ರೆ ಶಾಸನಗಳಲ್ಲಿ ಕಾಣುವ ಹೆಸರಿಡುವ ಪದ್ಧತಿಯನ್ನೂ ಇಂದಿನ ಹೆಸರುಗಳ ಸ್ಥಿತಿಯನ್ನೂ ಅರಿಯಲು ನೆರವಾಗುತ್ತದೆ.

ಧಾನ್ಯವಾಚಿಯೆಂಬ ಭ್ರಮೆ

‘ರೈಸ್’ ಎಂದೊಡನೆ ಕನ್ನಡಿಗರಿಗೆ ಹೊಳೆಯುವ ಅರ್ಥ ಅಕ್ಕಿ. ಉತ್ತರ ಕರ್ನಾಟಕದ ಅಡ್ಡಹೆಸರುಗಳ ಪರಿಚಯವುಳ್ಳವರಿಗೆ ಈ ಅರ್ಥ ಸಹಜವೆನಿಸುವುದು. ಅಲ್ಲಿ ಅಕ್ಕಿ, ಬೆಲ್ಲದ, ಮೆಣಸಿನಕಾಯಿ, ಉಳ್ಳಾಗಡ್ಡಿ ಮೊದಲಾದ ಪದಾರ್ಥವಾಚಿ ಹೆಸರುಗಳು ಬಳಕೆಯಲ್ಲಿವೆ. ಆದರೆ ಇಂಗ್ಲಿಷಿನ ಧಾನ್ಯವಾಚಿ ಪದಕ್ಕೂ ಕುಲನಾಮಕ್ಕೂ ಸಂಬಂಧವಿಲ್ಲ. ಧಾನ್ಯವಾಚಿ ಪದವು ಪ್ರಾಚೀನ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದದ್ದು. ಅದರ ಹಿಂದೆ ಲ್ಯಾಟಿನ್ ಮತ್ತು ಗ್ರೀಕ್ ಭಾಷೆಗಳ ‘ಒರೈಜಾ’ ಎಂಬ ರೂಪವಿದೆ. ಕುಲನಾಮವಾದರೋ ವೇಲ್ಸ್ ದೇಶದ ‘ರೀಸ್’ ಎಂಬ ಪುರುಷನಾಮದಿಂದ ನಿಷ್ಪನ್ನವಾದುದು. ವೆಲ್ಶ್ ಭಾಷೆಯಲ್ಲಿ ಈ ಹೆಸರಿಗೆ ಉತ್ಸಾಹ, ಆವೇಶ ಎಂಬರ್ಥವನ್ನು ಹೇಳಲಾಗುತ್ತದೆ. ಎರಡು ಬೇರೆ ಮೂಲದ ಪದಗಳು ಕಾಲಕ್ರಮದಲ್ಲಿ ಏಕರೂಪ ತಾಳಿದುದಕ್ಕೆ ಇದೊಂದು ನಿದರ್ಶನ.

ಪಿತೃನಾಮದಿಂದ ಕುಲನಾಮ

ಮಧ್ಯಯುಗದ ವೇಲ್ಸ್‌ನಲ್ಲಿ ಸ್ಥಿರವಾದ ಕುಲನಾಮವಿರಲಿಲ್ಲ. ವ್ಯಕ್ತಿಯ ಹೆಸರಿಗೆ ತಂದೆಯ ಹೆಸರನ್ನು ಸೇರಿಸಿ ಹೇಳುವುದು ಅಲ್ಲಿನ ರೂಢಿ. ಇವೆರಡರ ನಡುವೆ ಬರುವ ‘ಆಪ್’ ಎಂಬ ಶಬ್ದಕ್ಕೆ ‘ಮಗ’ ಎಂದರ್ಥ. ದಕ್ಷಿಣ ವೇಲ್ಸ್‌ನ ದೊರೆ ರೀಸ್ ಆಪ್ ಗ್ರಫಿಡ್ (1132–1197) ಎಂದರೆ ಗ್ರಫಿಡ್‌ನ ಮಗನಾದ ರೀಸ್. ತಲೆಮಾರು ಬದಲಾದಂತೆ ಹೆಸರಿನ ಎರಡನೆಯ ಭಾಗವೂ ಬದಲಾಗುತ್ತಿತ್ತು. ವಂಶವನ್ನು ತಿಳಿಸಬೇಕಾದಾಗ ತಂದೆ, ಅಜ್ಜ, ಮುತ್ತಜ್ಜರ ಹೆಸರುಗಳನ್ನು ಸಾಲಾಗಿ ಹೇಳಲಾಗುತ್ತಿತ್ತು.

1536 ಮತ್ತು 1543ರ ಕಾಯಿದೆಗಳ ಮೂಲಕ ವೇಲ್ಸ್ ಪೂರ್ಣವಾಗಿ ಇಂಗ್ಲೆಂಡಿನ ಆಡಳಿತ ವ್ಯವಸ್ಥೆಗೆ ಒಳಪಟ್ಟಿತು. ನ್ಯಾಯಾಲಯ ಹಾಗೂ ಭೂದಾಖಲೆಗಳ ವ್ಯವಹಾರವೆಲ್ಲ ಇಂಗ್ಲಿಷಿಗೆ ತಿರುಗಿತು. ತಲೆಮಾರಿಗೊಮ್ಮೆ ಬದಲಾಗುವ ಹೆಸರು ಇಂಥ ದಾಖಲೆಗಳಿಗೆ ಒಗ್ಗುವಂಥದಾಗಿರಲಿಲ್ಲ. ಮೊದಲು ಕುಲೀನರು, ಮುಂದೆ ಕ್ರಮೇಣ ಜನಸಾಮಾನ್ಯರು ತಂದೆಯ ಹೆಸರನ್ನೇ ಸ್ಥಿರ ಕುಲನಾಮವನ್ನಾಗಿ ಇರಿಸಿಕೊಂಡರು. ‘ಆಪ್ ರೀಸ್’ ಎಂಬಲ್ಲಿಯ ಪಕಾರ ಮುಂದಿನ ಹೆಸರಿಗೆ ಅಂಟಿಕೊಂಡು ‘ಪ್ರೈಸ್’ ಎಂಬ ಕುಲನಾಮ ಹುಟ್ಟಿತು. ‘ಆಪ್’ ಲೋಪವಾದಲ್ಲಿ ‘ರೀಸ್’, ‘ರೈಸ್’ ಎಂಬ ರೂಪಗಳು ಉಳಿದವು. 1546ರಲ್ಲಿ ವೆಲ್ಶ್ ಭಾಷೆಯ ಮೊದಲ ಮುದ್ರಿತ ಪುಸ್ತಕವನ್ನು ಹೊರತಂದ ಸರ್ ಜಾನ್ ಪ್ರೈಸ್ ಅವರ ಹೆಸರು ದಾಖಲೆಗಳಲ್ಲಿ ‘ಆಪ್ ರೈಸ್’ ಎಂದೂ ‘ಪ್ರೈಸ್’ ಎಂದೂ ಕಾಣಿಸಿಕೊಳ್ಳುತ್ತದೆ. ಒಬ್ಬನೇ ವ್ಯಕ್ತಿಯ ಜೀವಿತದಲ್ಲಿ ಪಿತೃನಾಮವು ಕುಲನಾಮವಾಗಿ ಮಾರ್ಪಡುತ್ತಿದ್ದುದಕ್ಕೆ ಇದು ಸಾಕ್ಷಿ.

‘ರೀಸ್’ ಎಂಬುದು ‘ರೈಸ್’ ಆದುದಕ್ಕೆ ಧ್ವನಿವ್ಯತ್ಯಾಸವೇ ಕಾರಣ. 15ರಿಂದ 17ನೆಯ ಶತಮಾನದ ಅವಧಿಯಲ್ಲಿ ಇಂಗ್ಲಿಷಿನ ದೀರ್ಘ ಸ್ವರಗಳು ವ್ಯಾಪಕವಾಗಿ ಪಲ್ಲಟಗೊಂಡವು, ಈಕಾರವು ಐಕಾರವಾಯಿತು. ಈ ಪಲ್ಲಟಕ್ಕೆ ಒಳಗಾದ ರೂಪ ‘ರೈಸ್’. ಮೂಲದ ಉಚ್ಚಾರಣೆಯನ್ನು ಉಳಿಸಿಕೊಂಡ ರೂಪ ‘ರೀಸ್’. ಕನ್ನಡದ ‘ಪಳ್ಳಿ’ ‘ಹಳ್ಳಿ’ಯಾದುದನ್ನು ಬಲ್ಲವರಿಗೆ ಇಂಥ ಬದಲಾವಣೆ ಅಪರಿಚಿತವೇನಲ್ಲ. ಡಿನೆವರ್ ಮನೆತನದವರು ಹಲವು ತಲೆಮಾರು ‘ರೈಸ್’ ಎಂದು ಬರೆದುಕೊಂಡು, 1916ರಲ್ಲಿ ಮತ್ತೆ ಪ್ರಾಚೀನ ವೆಲ್ಶ್ ರೂಪಕ್ಕೆ ಮರಳಿದುದು ಇಲ್ಲಿ ಉಲ್ಲೇಖನೀಯ.

ಕರ್ನಾಟಕದಲ್ಲಿ ರೈಸ್ ಮನೆತನ

ಕುಲನಾಮದ ಮೂಲವನ್ನು ಅದನ್ನು ಧರಿಸಿದ ಪ್ರತಿಯೊಂದು ಕುಟುಂಬದ ಮೂಲವೆಂದು ಭಾವಿಸಲಾಗದು. ಈ ಹೆಸರು ಬಹು ಹಿಂದೆಯೇ ಇಂಗ್ಲೆಂಡಿನಲ್ಲೂ ಐರ್ಲೆಂಡಿನಲ್ಲೂ ಹರಡಿತ್ತು. ಕರ್ನಾಟಕಕ್ಕೆ ಅದನ್ನು ತಂದವರು ಲಂಡನ್ ಮಿಷನರಿ ಸೊಸೈಟಿಯ ಪಾದ್ರಿ ಬೆಂಜಮಿನ್ ರೈಸ್. ಅರ್ಧ ಶತಮಾನದ ಸೇವೆಯ ಬಳಿಕ ಅವರು 1887ರಲ್ಲಿ ತೀರಿಕೊಂಡರು. ಬೆಂಗಳೂರಿನ ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು ಅವರ ಹೆಸರನ್ನು ಉಳಿಸಿದೆ. 1837ರಲ್ಲಿ ಬೆಂಗಳೂರಿನಲ್ಲಿಯೇ ಜನಿಸಿದ ಪುತ್ರ ಬೆಂಜಮಿನ್ ಲೂಯಿಸ್ ರೈಸ್ ಶಾಸನತಜ್ಞರಾಗಿ ಪ್ರಸಿದ್ಧರಾದರು. 1906ರಲ್ಲಿ ನಿವೃತ್ತರಾಗಿ 1927ರಲ್ಲಿ ಇಂಗ್ಲೆಂಡಿನಲ್ಲಿ ನಿಧನರಾದರು. ಇನ್ನೊಬ್ಬ ಪುತ್ರ ಎಡ್ವರ್ಡ್ ಪೀಟರ್ ರೈಸ್ ಇಂಗ್ಲಿಷಿನಲ್ಲಿ ಕನ್ನಡ ಸಾಹಿತ್ಯ ಚರಿತ್ರೆಯನ್ನು ರಚಿಸಿದರು. ಅದರ ಪರಿಷ್ಕೃತ ಆವೃತ್ತಿ 1921ರಲ್ಲಿ ಬಂದಿತು.

ಬೆಂಜಮಿನ್ ಎಂಬ ಹೆಸರು ತಂದೆಗೂ ಮಗನಿಗೂ ಸಮಾನವಾದುದು. ರೈಸ್ ಎಂಬುದು ಮೂವರಿಗೂ ಸಮಾನವಾದುದು. ‘ಬಿ. ರೈಸ್’ ಮತ್ತು ‘ಬಿ.ಎಲ್. ರೈಸ್’ ಎಂಬ ನಮೂದುಗಳನ್ನು ಒಬ್ಬರದೇ ಎಂದು ಗ್ರಹಿಸಿದರೆ ತಂದೆಯ ಬರೆಹ ಮಗನ ಖಾತೆಗೆ ಸೇರುವ ಅಪಾಯವಿದೆ. ಗ್ರಂಥಸೂಚಿಗಳಲ್ಲಿ ಕುಲನಾಮದೊಡನೆ ಪೂರ್ಣನಾಮವನ್ನೂ ಜೀವಿತಕಾಲವನ್ನೂ ಕೊಡುವುದು ಇದರಿಂದ ಅನಿವಾರ್ಯವಾಗುತ್ತದೆ.

ಶಾಸನಗಳ ಹೆಸರು, ಇಂದಿನ ಹೆಸರು

ರೈಸ್ ಅವರು ಪ್ರಕಟಿಸಿದ ಶಾಸನಗಳಲ್ಲಿ ಕಂಡುಬರುವುದು ವೆಲ್ಶ್ ಪದ್ಧತಿಯನ್ನು ಹೋಲುವ ಕ್ರಮವೇ. ವೀರಗಲ್ಲಾಗಲಿ ದಾನಶಾಸನವಾಗಲಿ ವ್ಯಕ್ತಿಯನ್ನು ‘ಇಂಥವನ ಮಗ ಇಂಥವನು’ ಎಂದು ಗುರುತಿಸುತ್ತದೆ. ಜೊತೆಗೆ ಊರು, ಗೌಡ, ಸೇನಬೋವ ಮೊದಲಾದ ವೃತ್ತಿ ಅಥವಾ ಅಧಿಕಾರದ ಸೂಚನೆ ಬರುತ್ತದೆ. ಪಾವಗಡ ತಾಲ್ಲೂಕಿನ ನಿಡುಗಲ್ಲಿನಿಂದ ಆಳಿದ ಚೋಳರು ‘ಒರೆಯೂರ ಪುರವರಾಧೀಶ್ವರ’ರೆಂದು ಹೇಳಿಕೊಂಡು ದೂರದ ಮೂಲಸ್ಥಳವನ್ನು ಬಿರುದಿನಲ್ಲಿ ಉಳಿಸಿಕೊಂಡರು.

ಹಳೆಯ ಮೈಸೂರು ಸೀಮೆಯಲ್ಲಿ ಈ ಎರಡು ಅಂಶಗಳೂ ಹೆಸರಿನ ಮೊದಲಕ್ಷರಗಳಾಗಿ ಉಳಿದು ಬಂದಿವೆ. ವಳ್ಳೂರಿನವನ ಹೆಸರಿನ ಹಿಂದೆ ಬರುವ ‘ವಿ.’ ಊರನ್ನೂ ಅದರ ಮುಂದಿನ ಅಕ್ಷರ ತಂದೆಯನ್ನೂ ಸೂಚಿಸುವುದು ಇಲ್ಲಿನ ರೂಢಿ. ಆಂಧ್ರದ ಗಡಿಗೆ ಹೊಂದಿದ ಪಾವಗಡ, ಮಧುಗಿರಿ ಭಾಗದ ತೆಲುಗು ಮನೆಮಾತಿನವರಲ್ಲಿ ‘ಇಂಟಿಪೇರು’ ಕೂಡ ಮೊದಲಕ್ಷರವಾಗಿ ಬರುವುದುಂಟು. ಊರು, ತಂದೆ, ಮನೆತನ ಇವುಗಳಲ್ಲಿ ಅಕ್ಷರ ಯಾವುದನ್ನು ಸೂಚಿಸುತ್ತದೆಂಬುದು ಬಲ್ಲವರಿಗೆ ಮಾತ್ರ ತಿಳಿಯುವ ಸಂಗತಿ.

ಪಾಸ್‌ಪೋರ್ಟ್ ಮೊದಲಾದ ದಾಖಲೆಗಳು ಕುಲನಾಮಕ್ಕೆ ಪ್ರತ್ಯೇಕ ಅಂಕಣವನ್ನಿರಿಸಿ, ಮೊದಲಕ್ಷರಗಳನ್ನು ಬಿಡಿಸಿ ಬರೆಯಬೇಕೆನ್ನುತ್ತವೆ. ಆಗ ಒಬ್ಬರು ಊರಿನ ಹೆಸರನ್ನೂ ಮತ್ತೊಬ್ಬರು ತಂದೆಯ ಹೆಸರನ್ನೂ ಆ ಅಂಕಣದಲ್ಲಿ ತುಂಬುತ್ತಾರೆ. ಒಂದೇ ಮನೆಯ ಅಣ್ಣತಮ್ಮಂದಿರಿಗೆ ಭಿನ್ನ ಕುಲನಾಮಗಳು ಬರುವುದೂ, ತಂದೆಯ ಸ್ವಂತ ಹೆಸರು ಮೊಮ್ಮಕ್ಕಳಿಗೆ ಕುಲನಾಮವಾಗಿ ಮುಂದುವರಿಯುವುದೂ ಸಾಧ್ಯವಾಗಿದೆ. 16ನೆಯ ಶತಮಾನದಲ್ಲಿ ‘ಆಪ್ ರೀಸ್’ ‘ಪ್ರೈಸ್’ ಆದ ಪ್ರಕ್ರಿಯೆಯೇ ಇಲ್ಲಿ ಪುನರಾವರ್ತಿತವಾಗುತ್ತಿದೆ. ವೇಲ್ಸ್‌ನಲ್ಲಿ ಕೆಲವೇ ಪುರುಷನಾಮಗಳು ಕುಲನಾಮಗಳಾಗಿ ನಿಂತುದರಿಂದ ಒಂದೇ ಹೆಸರಿನ ಅಸಂಖ್ಯ ಕುಟುಂಬಗಳು ಉಂಟಾಗಿ, ವಂಶಾನ್ವೇಷಣೆ ಕಠಿಣವಾಯಿತು.

ಈ ಅನುಭವದಿಂದ ಸಂಶೋಧಕರೂ ಗ್ರಂಥಾಲಯಗಳೂ ಪಡೆಯಬಹುದಾದ ಪಾಠ ಸ್ಪಷ್ಟವಾಗಿದೆ. ಲೇಖಕರ, ಮಾಹಿತಿದಾರರ ಹೆಸರುಗಳನ್ನು ದಾಖಲಿಸುವಾಗ ಮೊದಲಕ್ಷರಗಳ ವಿಸ್ತೃತ ರೂಪವನ್ನೂ, ಪ್ರತಿಯೊಂದು ಅಕ್ಷರ ಊರನ್ನೋ ತಂದೆಯನ್ನೋ ಮನೆತನವನ್ನೋ ಸೂಚಿಸುತ್ತದೆಂಬುದನ್ನೂ ಈಗಲೇ ಗುರುತಿಸಿಡುವುದು ಅಗತ್ಯ. ಶಾಸನದ ಕಲ್ಲು ಊರನ್ನೂ ತಂದೆಯನ್ನೂ ಬಿಡಿಸಿ ಹೇಳಿದುದರಿಂದಲೇ ಅಲ್ಲಿನ ವ್ಯಕ್ತಿಗಳನ್ನು ಇಂದಿಗೂ ಗುರುತಿಸಲು ಸಾಧ್ಯವಾಗಿದೆ.