ಕಾರ್ಟಿಂಗ್‌ನ ಕುಟುಂಬ ತಂಡಗಳು

ಕಾರ್ಟಿಂಗ್ ಎಂಬುದು ಬಾಗಿಲು, ಛಾವಣಿ ಮತ್ತು ಸಸ್ಪೆನ್ಷನ್ ಇಲ್ಲದ, ಒಬ್ಬರೇ ಕೂರಬಹುದಾದ ಪುಟ್ಟ ನಾಲ್ಕು ಚಕ್ರದ ವಾಹನಗಳ ಓಟದ ಸ್ಪರ್ಧೆ. ಜನಬಳಕೆಯಲ್ಲಿ ಇದಕ್ಕೆ ಗೋ-ಕಾರ್ಟಿಂಗ್ ಎಂಬ ಹೆಸರೂ ಇದೆ. ಮೋಟಾರ್ ರೇಸಿಂಗ್‌ನ ಬಹುತೇಕ ಎಲ್ಲ ಚಾಲಕರೂ ಕಲಿಕೆ ಆರಂಭಿಸುವುದು ಇಲ್ಲಿಂದಲೇ. ಚಾಲಕರು ಸಾಮಾನ್ಯವಾಗಿ ಶಾಲೆಗೆ ಹೋಗುವ ವಯಸ್ಸಿನವರಾಗಿರುವುದರಿಂದ ಅವರ ತಂಡ ಬಹುಮಟ್ಟಿಗೆ ಅವರ ಮನೆಯವರೇ ಆಗಿರುತ್ತಾರೆ. ಹಣ ಹೂಡುವುದು, ವಾಹನ ಸಾಗಿಸುವುದು, ಎಂಜಿನ್ ಸಿದ್ಧಪಡಿಸುವುದು, ಸ್ಪರ್ಧೆಯ ಪತ್ರಗಳಿಗೆ ಸಹಿ ಹಾಕುವುದು ಇವೆಲ್ಲವೂ ಹೆತ್ತವರ ಹೊಣೆ. ಆದಕಾರಣ ಒಬ್ಬ ಹದಿಹರೆಯದ ಚಾಲಕ ಎಷ್ಟು ದೂರ ಸಾಗುತ್ತಾನೆ ಎಂಬುದನ್ನು ಅವನ ಪ್ರತಿಭೆಯ ಜೊತೆಗೆ ಅವನ ಕುಟುಂಬದ ಶಕ್ತಿಯೂ ನಿರ್ಧರಿಸುತ್ತದೆ. ಕರ್ನಾಟಕದಲ್ಲಿ ಇದಕ್ಕೆ ಹೆಚ್ಚು ಪರಿಚಿತವಾದ ಉದಾಹರಣೆ ಬೆಂಗಳೂರಿನ ಮೈನಿ ಕುಟುಂಬದ ಸಹೋದರರಾದ ಅರ್ಜುನ್ ಮತ್ತು ಕುಶ್.

ಹಿನ್ನೆಲೆ

ಮೊದಲ ಕಾರ್ಟನ್ನು 1956ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರ್ಟ್ ಇಂಗೆಲ್ಸ್ ನಿರ್ಮಿಸಿದರು. ರೇಸಿಂಗ್ ಕಾರುಗಳನ್ನು ತಯಾರಿಸುವ ಕಾರ್ಖಾನೆಯೊಂದರಲ್ಲಿ ಕೆಲಸಗಾರರಾಗಿದ್ದ ಅವರು ಉಕ್ಕಿನ ಕೊಳವೆಗಳ ಚೌಕಟ್ಟಿಗೆ ಹುಲ್ಲು ಕತ್ತರಿಸುವ ಯಂತ್ರದಲ್ಲಿ ಬಳಸುವಂತಹ ಎರಡು ಸ್ಟ್ರೋಕ್‌ನ ಎಂಜಿನ್ ಜೋಡಿಸಿದರು. ಹಿತ್ತಲಿನ ಹವ್ಯಾಸವಾಗಿ ಆರಂಭವಾದ ಇದು ಕೆಲವೇ ವರ್ಷಗಳಲ್ಲಿ ಸಂಘಟಿತ ಕ್ರೀಡೆಯಾಯಿತು. 1962ರಲ್ಲಿ ಅಂತರರಾಷ್ಟ್ರೀಯ ಆಟೊಮೊಬೈಲ್ ಒಕ್ಕೂಟ (ಎಫ್‌ಐಎ) ಕಾರ್ಟಿಂಗ್‌ಗಾಗಿ ಪ್ರತ್ಯೇಕ ಆಯೋಗ ರಚಿಸಿತು. 1964ರಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು.

ಭಾರತದಲ್ಲಿ ಕಾರ್ಟಿಂಗ್ ಸೇರಿದಂತೆ ಎಲ್ಲ ಮೋಟಾರ್ ಕ್ರೀಡೆಗಳ ನಿಯಂತ್ರಣ ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟದ್ದು (ಎಫ್‌ಎಂಎಸ್‌ಸಿಐ). 1971ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಕೇಂದ್ರ ಕಚೇರಿ ಚೆನ್ನೈಯಲ್ಲಿದೆ. ಕಾರ್ಟಿಂಗ್ ವ್ಯಾಪಕವಾಗುವ ಮುನ್ನ ಭಾರತದ ಯುವ ಚಾಲಕರಿಗೆ ಮೊದಲ ಮೆಟ್ಟಿಲಾಗಿದ್ದುದು ಕೊಯಮತ್ತೂರಿನ ಎಸ್. ಕರಿವರ್ಧನ್ 1980ರ ದಶಕದ ಕೊನೆಯಲ್ಲಿ ರೂಪಿಸಿದ, ಮಾರುತಿ 800ರ ಮೂರು ಸಿಲಿಂಡರಿನ ಎಂಜಿನ್ ಅಳವಡಿಸಿದ ಪುಟ್ಟ ಕಾರು. ಫಾರ್ಮುಲಾ ಮಾರುತಿ ಎಂದು ಹೆಸರಾದ ಈ ಕಾರಿನಲ್ಲಿಯೇ ನಾರಾಯಣ್ ಕಾರ್ತಿಕೇಯನ್ ಹದಿಹರೆಯದಲ್ಲಿ ಸ್ಪರ್ಧೆಗೆ ಇಳಿದರು. ರ‍್ಯಾಲಿ ಚಾಲಕರಾಗಿದ್ದ ಜಿ. ಆರ್. ಕಾರ್ತಿಕೇಯನ್ ಅವರ ಮಗನಾದ ನಾರಾಯಣ್ 2005ರಲ್ಲಿ ಫಾರ್ಮುಲಾ ಒನ್ ತಲುಪಿದ ಮೊದಲ ಭಾರತೀಯರಾದರು.

ಕಾರ್ಟ್‌ನ ರಚನೆ

ಕಾರ್ಟ್‌ನ ಚಾಸಿ ಉಕ್ಕಿನ ಕೊಳವೆಗಳಿಂದ ಮಾಡಿದ ಚೌಕಟ್ಟು. ಸಾಮಾನ್ಯ ಕಾರಿನಲ್ಲಿ ಇರುವ ಎರಡು ಮುಖ್ಯ ಭಾಗಗಳು ಇದರಲ್ಲಿಲ್ಲ. ಸಸ್ಪೆನ್ಷನ್ ಇಲ್ಲದ ಕಾರಣ ಚೌಕಟ್ಟಿನ ಬಾಗುವಿಕೆಯೇ ಆ ಕೆಲಸವನ್ನು ಮಾಡುತ್ತದೆ. ಡಿಫರೆನ್ಷಿಯಲ್ ಇಲ್ಲದ ಕಾರಣ ಹಿಂದಿನ ಎರಡೂ ಚಕ್ರಗಳು ಒಂದೇ ಅಚ್ಚಿಗೆ ಬಿಗಿಯಾಗಿ ಕೂಡಿಕೊಂಡು ಒಂದೇ ವೇಗದಲ್ಲಿ ತಿರುಗುತ್ತವೆ. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಕ್ರಮಿಸಬೇಕಾಗುವುದರಿಂದ, ಒಳಬದಿಯ ಹಿಂಚಕ್ರ ಕ್ಷಣಕಾಲ ನೆಲದಿಂದ ಮೇಲೇಳದ ಹೊರತು ಕಾರ್ಟ್ ಸಲೀಸಾಗಿ ತಿರುಗುವುದಿಲ್ಲ. ಸ್ಟೀರಿಂಗ್ ತಿರುಗಿಸುವ ರೀತಿ, ಆಸನದ ಸ್ಥಾನ ಮತ್ತು ಚಾಲಕನ ದೇಹಭಾರ ಸೇರಿ ಆ ಚಕ್ರವನ್ನು ಎಷ್ಟು ಹೊತ್ತು ಎತ್ತುತ್ತವೆ ಎಂಬುದರ ಮೇಲೆ ವೇಗ ನಿಲ್ಲುತ್ತದೆ.

ಭಾರತದ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಆಸ್ಟ್ರಿಯಾ ದೇಶದ ರೊಟಾಕ್ಸ್ ಕಂಪನಿಯ 125 ಸಿಸಿ ಎಂಜಿನ್‌ಗಳು ಬಳಕೆಯಲ್ಲಿವೆ. ಹಿರಿಯರ ವರ್ಗದಲ್ಲಿ ಇದರ ಶಕ್ತಿ ಸುಮಾರು 30 ಅಶ್ವಶಕ್ತಿ. ಚಾಲಕನೂ ಸೇರಿ ವಾಹನದ ಒಟ್ಟು ತೂಕ ಸುಮಾರು 160 ಕಿಲೋಗ್ರಾಂ ಮಾತ್ರ ಇರುವುದರಿಂದ ಕಾರ್ಟ್ ಗಂಟೆಗೆ 100 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಓಡಬಲ್ಲದು. ಎಂಜಿನ್‌ಗಳನ್ನು ಮಾನ್ಯತೆ ಪಡೆದ ಕೇಂದ್ರದಲ್ಲಿ ಸಿದ್ಧಪಡಿಸಿ ಮೊಹರು ಹಾಕಲಾಗುತ್ತದೆ. ಮೊಹರು ಮುರಿದ ಎಂಜಿನ್ ಸ್ಪರ್ಧೆಗೆ ಅರ್ಹವಲ್ಲ. ಹೆಚ್ಚು ಹಣವಿರುವ ಕುಟುಂಬ ಎಂಜಿನ್ನಿನ ಒಳಭಾಗಗಳನ್ನು ಮಾರ್ಪಡಿಸಿ ಮುಂದೆ ಹೋಗದಂತೆ ತಡೆಯುವುದು ಇದರ ಉದ್ದೇಶ.

ವಯೋವರ್ಗಗಳು

ರೊಟಾಕ್ಸ್ ಮಾದರಿಯಲ್ಲಿ ಸ್ಪರ್ಧಿಗಳನ್ನು ವಯಸ್ಸಿಗೆ ಅನುಗುಣವಾಗಿ ಮೈಕ್ರೊ, ಮಿನಿ, ಜೂನಿಯರ್ ಮತ್ತು ಸೀನಿಯರ್ ಎಂಬ ವರ್ಗಗಳಲ್ಲಿ ವಿಂಗಡಿಸಲಾಗುತ್ತದೆ. ಮೈಕ್ರೊ ವರ್ಗಕ್ಕೆ ಏಳೆಂಟು ವರ್ಷದ ಮಕ್ಕಳು ಸೇರುತ್ತಾರೆ. ಹದಿಹರೆಯದ ಆರಂಭದಲ್ಲಿ ಜೂನಿಯರ್ ವರ್ಗಕ್ಕೆ, ಸುಮಾರು 14-15ರ ವಯಸ್ಸಿಗೆ ಸೀನಿಯರ್ ವರ್ಗಕ್ಕೆ ಬರುತ್ತಾರೆ. ಕೆಳಗಿನ ವರ್ಗಗಳಲ್ಲಿ ಎಂಜಿನ್ನಿನ ಶಕ್ತಿಯನ್ನು ಕಡಿಮೆ ಮಾಡಿರುತ್ತಾರೆ. ಬಾಲಕ ಬಾಲಕಿಯರಿಗೆ ಪ್ರತ್ಯೇಕ ವರ್ಗಗಳಿಲ್ಲ. ಎಲ್ಲರೂ ಒಂದೇ ಸಾಲಿನಿಂದ ಹೊರಡುತ್ತಾರೆ.

ಪ್ರತಿ ವರ್ಗಕ್ಕೂ ಚಾಲಕ ಮತ್ತು ವಾಹನ ಸೇರಿ ಇರಬೇಕಾದ ಕನಿಷ್ಠ ತೂಕ ನಿಗದಿಯಾಗಿರುತ್ತದೆ. ಹಗುರವಾದ ಮಕ್ಕಳ ಆಸನಕ್ಕೆ ಸೀಸದ ತುಂಡುಗಳನ್ನು ಬಿಗಿದು ತೂಕ ಸರಿದೂಗಿಸುತ್ತಾರೆ. ಓಟ ಮುಗಿದ ಕೂಡಲೇ ತಕ್ಕಡಿಯ ಮೇಲೆ ಕಾರ್ಟ್ ಮತ್ತು ಚಾಲಕನನ್ನು ತೂಗಲಾಗುತ್ತದೆ. ತೂಕ ಕಡಿಮೆ ಬಂದರೆ ಗೆದ್ದ ಸ್ಥಾನ ರದ್ದಾಗುತ್ತದೆ. ಹದಿಹರೆಯದಲ್ಲಿ ಬೇಗ ಎತ್ತರ ಬೆಳೆಯುವ ಚಾಲಕರು ಇದಕ್ಕೆ ವಿರುದ್ಧವಾದ ತೊಂದರೆ ಎದುರಿಸುತ್ತಾರೆ. ಅವರ ದೇಹತೂಕವೇ ಕನಿಷ್ಠ ಮಿತಿಯನ್ನು ಮೀರಿಸುತ್ತದೆ ಮತ್ತು ಆಸನ, ಪೆಡಲುಗಳ ಅಳತೆಯನ್ನು ಪದೇಪದೇ ಬದಲಿಸಬೇಕಾಗುತ್ತದೆ.

ಕುಟುಂಬ ತಂಡದ ಕೆಲಸ

ಒಂದು ಸುತ್ತಿನ ಸ್ಪರ್ಧೆ ಸಾಮಾನ್ಯವಾಗಿ ವಾರಾಂತ್ಯದಲ್ಲಿ ನಡೆಯುತ್ತದೆ. ಅಭ್ಯಾಸ, ಅರ್ಹತಾ ಸುತ್ತು, ಪ್ರಾಥಮಿಕ ಓಟಗಳು, ಉಪಾಂತ್ಯದ ಓಟ ಮತ್ತು ಅಂತಿಮ ಓಟ ಎಂಬುದು ಅದರ ಕ್ರಮ. ಎರಡು ಓಟಗಳ ನಡುವೆ ಸಿಗುವ ಅಲ್ಪ ಸಮಯದಲ್ಲಿ ಟೈರಿನ ಗಾಳಿಯ ಒತ್ತಡ ಅಳೆಯುವುದು, ಚೈನ್ ಬಿಗಿ ನೋಡುವುದು, ಹಲ್ಲುಚಕ್ರ ಬದಲಿಸಿ ಗೇರಿಂಗ್ ಹೊಂದಿಸುವುದು, ಹವೆಯ ಉಷ್ಣತೆಗೆ ತಕ್ಕಂತೆ ಇಂಧನ ಮಿಶ್ರಣವನ್ನು ಸರಿಪಡಿಸುವುದು ಮುಂತಾದ ಕೆಲಸಗಳಿರುತ್ತವೆ. ದೊಡ್ಡ ತಂಡಗಳಲ್ಲಿ ಇದಕ್ಕೆ ಸಂಬಳದ ಮೆಕ್ಯಾನಿಕ್‌ಗಳಿದ್ದರೆ ಕುಟುಂಬ ತಂಡದಲ್ಲಿ ತಂದೆಯೋ ಅಣ್ಣನೋ ಪಾನಾ ಹಿಡಿಯುತ್ತಾರೆ. ಸುತ್ತುಗಳ ಸಮಯ ಬರೆದುಕೊಳ್ಳುವುದು, ಮಗುವಿಗೆ ನೀರು ಮತ್ತು ಊಟ ಹೊಂದಿಸುವುದು, ತಪ್ಪಿದ ಪಾಠಗಳ ಲೆಕ್ಕ ಇಡುವುದು ಇವೂ ತಂಡದ ಕೆಲಸಗಳೇ ಆಗಿವೆ. ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಪರೀಕ್ಷೆಗಳ ವರ್ಷಗಳು ಚಾಲಕ ಸೀನಿಯರ್ ವರ್ಗಕ್ಕೆ ಏರುವ ವರ್ಷಗಳ ಜೊತೆಯಲ್ಲೇ ಬರುವುದರಿಂದ ಅನೇಕರಿಗೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ.

ನಿಯಮಗಳ ದೃಷ್ಟಿಯಲ್ಲಿ ಸ್ಪರ್ಧೆಗೆ ಹೆಸರು ನೋಂದಾಯಿಸಿದವರೇ ತಮ್ಮ ಪರವಾಗಿ ಕೆಲಸ ಮಾಡುವ ಎಲ್ಲರ ವರ್ತನೆಗೆ ಹೊಣೆಗಾರರು. ಅಂದರೆ ತಂದೆ ಅಧಿಕಾರಿಗಳೊಡನೆ ಅನುಚಿತವಾಗಿ ನಡೆದುಕೊಂಡರೆ ಅದರ ದಂಡ ಮಗುವಿನ ಫಲಿತಾಂಶದ ಮೇಲೆ ಬೀಳಬಹುದು.

ಸ್ಪರ್ಧೆಯ ಟ್ರ್ಯಾಕ್‌ಗಳು ಕೆಲವೇ ನಗರಗಳ ಸುತ್ತ ಇರುವುದು ಇನ್ನೊಂದು ಮಿತಿ. ಬೆಂಗಳೂರಿನ ಮೆಕೊ ಕಾರ್ಟೋಪಿಯಾ ಮತ್ತು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ದಕ್ಷಿಣ ಭಾರತದ ಪ್ರಮುಖ ಕೇಂದ್ರಗಳಲ್ಲಿ ಸೇರಿವೆ. ಬೆಂಗಳೂರಿನ ಕುಟುಂಬಕ್ಕೆ ಶಾಲೆ ಬಿಟ್ಟ ಮೇಲೆ ತಲುಪಬಹುದಾದ ಟ್ರ್ಯಾಕ್, ಕಲಬುರಗಿ ಜಿಲ್ಲೆಯ ಕುಟುಂಬಕ್ಕೆ ಸುಮಾರು 600 ಕಿಲೋಮೀಟರ್ ದೂರದ್ದು. ರಾಜ್ಯದಿಂದ ಹೊರಹೊಮ್ಮಿದ ಪ್ರಮುಖ ಚಾಲಕರಲ್ಲಿ ಹೆಚ್ಚಿನವರು ಬೆಂಗಳೂರಿನವರಾಗಿರಲು ಇದೂ ಒಂದು ಕಾರಣ.

ಮೈನಿ ಸಹೋದರರು

ಅರ್ಜುನ್ ಮೈನಿ (ಜನನ 10 ಡಿಸೆಂಬರ್ 1997) ಮತ್ತು ಕುಶ್ ಮೈನಿ (ಜನನ 22 ಸೆಪ್ಟೆಂಬರ್ 2000) ಬೆಂಗಳೂರಿನಲ್ಲಿ ಹುಟ್ಟಿದವರು. ಅವರ ತಂದೆ ಗೌತಮ್ ಮೈನಿ ಉದ್ಯಮಿ ಹಾಗೂ ರೇಸಿಂಗ್ ಆಸಕ್ತರು. 2001ರಲ್ಲಿ ಮಾರುಕಟ್ಟೆಗೆ ಬಂದ, ಬೆಂಗಳೂರಿನಲ್ಲಿ ತಯಾರಾದ ರೇವಾ ಎಂಬ ಪುಟ್ಟ ವಿದ್ಯುತ್ ಕಾರಿನ ರೂವಾರಿ ಚೇತನ್ ಮೈನಿ ಈ ಸಹೋದರರ ಚಿಕ್ಕಪ್ಪ.

ಇಬ್ಬರೂ ಕಾರ್ಟಿಂಗ್‌ನಿಂದ ಆರಂಭಿಸಿದರು. 2011ರಲ್ಲಿ ಸಹಾರಾ ಫೋರ್ಸ್ ಇಂಡಿಯಾ ಫಾರ್ಮುಲಾ ಒನ್ ತಂಡ ಭಾರತದಾದ್ಯಂತ ಯುವ ಚಾಲಕರಿಗಾಗಿ ನಡೆಸಿದ ಪ್ರತಿಭಾ ಶೋಧದಲ್ಲಿ ಅರ್ಜುನ್ ಗೆದ್ದರು. ಆಗ ಅವರಿಗೆ ಇನ್ನೂ 14 ತುಂಬಿರಲಿಲ್ಲ. ಅವರೊಂದಿಗೆ ಮುಂಬಯಿಯ ಜೆಹಾನ್ ದಾರುವಾಲಾ ಮತ್ತು ತರುಣ್ ರೆಡ್ಡಿ ಕೂಡ ಆಯ್ಕೆಯಾಗಿದ್ದರು. 2014ರಲ್ಲಿ ಬ್ರಿಟನ್ನಿನ ಬಿಆರ್‌ಡಿಸಿ ಫಾರ್ಮುಲಾ 4 ಸರಣಿಯಲ್ಲಿ ಅರ್ಜುನ್ ಎರಡನೇ ಸ್ಥಾನ ಪಡೆದರು. ಮೊದಲ ಸ್ಥಾನ ಮುಂದೆ ಫಾರ್ಮುಲಾ ಒನ್ ಚಾಲಕರಾದ ಜಾರ್ಜ್ ರಸೆಲ್ ಅವರದಾಯಿತು. 2017ರಲ್ಲಿ ಬಾರ್ಸಿಲೋನಾದಲ್ಲಿ ಜಿಪಿ3 ಸರಣಿಯ ಓಟವನ್ನು ಗೆದ್ದ ಅರ್ಜುನ್, 2018ರಲ್ಲಿ ಫಾರ್ಮುಲಾ 2ರಲ್ಲಿ ಸ್ಪರ್ಧಿಸಿದರು. ಫಾರ್ಮುಲಾ ಒನ್ ಓಟದ ಅವಕಾಶ ದೊರೆಯದಿದ್ದಾಗ ಅವರು ಸಹನಾ ಓಟಗಳತ್ತ ಹೊರಳಿ, 2021ರಿಂದ ಜರ್ಮನಿಯ ಡಿಟಿಎಂ ಸರಣಿಯಲ್ಲಿ ಸ್ಪರ್ಧಿಸತೊಡಗಿದರು.

ಕುಶ್ 2016ರಲ್ಲಿ ಇಟಲಿಯ ಫಾರ್ಮುಲಾ 4ರಲ್ಲಿ ಪೂರ್ಣ ಪ್ರಮಾಣದ ಕಾರು ಓಟ ಆರಂಭಿಸಿದರು. 2020ರಲ್ಲಿ ಬ್ರಿಟಿಷ್ ಫಾರ್ಮುಲಾ 3 ಸರಣಿಯಲ್ಲಿ ಎರಡನೇ ಸ್ಥಾನ ಪಡೆದು, 2023ರಲ್ಲಿ ಫಾರ್ಮುಲಾ 2 ತಲುಪಿದರು. ಅದೇ ವರ್ಷ ಆಲ್ಪೀನ್ ಫಾರ್ಮುಲಾ ಒನ್ ತಂಡದ ತರಬೇತಿ ಅಕಾಡೆಮಿ ಸೇರಿದರು. 2024ರ ಹಂಗರಿಯ ಸ್ಪ್ರಿಂಟ್ ಓಟದಲ್ಲಿ ಮೊದಲು ಗುರಿ ಮುಟ್ಟಿದ ಚಾಲಕ ಅನರ್ಹಗೊಂಡದ್ದರಿಂದ ಗೆಲುವು ಕುಶ್ ಪಾಲಾಯಿತು. 2025ರ ಮೇ ತಿಂಗಳಿನಲ್ಲಿ ಮೊನಾಕೊದ ಸ್ಪ್ರಿಂಟ್ ಓಟವನ್ನು ಅವರು ಗೆದ್ದರು. ಅಲ್ಲಿ ಫಾರ್ಮುಲಾ 2 ಓಟ ಗೆದ್ದ ಮೊದಲ ಭಾರತೀಯರು ಅವರೇ.

ಒಂದೇ ಮನೆಯ ಇಬ್ಬರು ಒಂದೇ ಮೆಟ್ಟಿಲುಗಳನ್ನು ಏರಿದರೂ ಅವರ ದಾರಿ ಬೇರೆಯಾಯಿತು. ಫಾರ್ಮುಲಾ ಒನ್‌ನಲ್ಲಿ ಚಾಲಕರ ಸ್ಥಾನಗಳು ಇಪ್ಪತ್ತರ ಆಸುಪಾಸಿನಲ್ಲಷ್ಟೇ ಇರುವುದರಿಂದ, ಕಾರ್ಟಿಂಗ್‌ನಿಂದ ಹೊರಟ ಬಹುಪಾಲು ಮಕ್ಕಳಿಗೆ ಆ ಬಾಗಿಲು ತೆರೆಯುವುದಿಲ್ಲ.

ಬೆಂಗಳೂರಿನವರೇ ಆದ ಯಶ್ ಆರಾಧ್ಯ ಅವರೂ ಕಾರ್ಟಿಂಗ್‌ನಿಂದ ಬಂದ ಚಾಲಕ. 2020ರಲ್ಲಿ ಅವರಿಗೆ ಕ್ರೀಡಾ ವಿಭಾಗದಲ್ಲಿ ಪ್ರಧಾನ ಮಂತ್ರಿ ರಾಷ್ಟ್ರೀಯ ಬಾಲ ಪುರಸ್ಕಾರ ದೊರೆಯಿತು.

ವೆಚ್ಚ ಮತ್ತು ಮುಂದಿನ ಹಂತಗಳು

ಕಾರ್ಟಿಂಗ್‌ನಲ್ಲಿ ಮೊದಲ ಖರೀದಿಗಿಂತ ನಿರಂತರ ಖರ್ಚು ದೊಡ್ಡದು. ಟೈರುಗಳು ಬೇಗ ಸವೆಯುತ್ತವೆ, ಎಂಜಿನ್ನನ್ನು ನಿಗದಿತ ಗಂಟೆಗಳ ನಂತರ ಬಿಚ್ಚಿ ಸರಿಪಡಿಸಬೇಕು, ಅಪಘಾತದಲ್ಲಿ ಬಾಗಿದ ಚಾಸಿಯನ್ನು ಬದಲಿಸಬೇಕು. ಇದಲ್ಲದೆ ಪ್ರವೇಶ ಶುಲ್ಕ, ಪ್ರಯಾಣ, ವಸತಿಯ ವೆಚ್ಚಗಳಿವೆ. ಇದಕ್ಕೆಂದೇ ಕೆಲವು ಕುಟುಂಬಗಳು ಸ್ವಂತ ಕಾರ್ಟ್ ಕೊಳ್ಳದೆ, ತಂಡಗಳಿಂದ ವಾಹನವನ್ನು ಬಾಡಿಗೆಗೆ ಪಡೆಯುತ್ತವೆ.

ಕಾರ್ಟಿಂಗ್ ದಾಟಿದ ಭಾರತೀಯ ಚಾಲಕರಿಗೆ ಕಡಿಮೆ ಖರ್ಚಿನ ಮೆಟ್ಟಿಲು ಮಾರುತಿಯ ಎಂಜಿನ್ ಹೊಂದಿದ ಫಾರ್ಮುಲಾ ಎಲ್‌ಜಿಬಿ 4. 2023ರಲ್ಲಿ ಓಟ ಆರಂಭಿಸಿದ ಭಾರತೀಯ ಫಾರ್ಮುಲಾ 4 ಸರಣಿಯಿಂದಾಗಿ 15 ತುಂಬಿದವರಿಗೆ ಎಫ್‌ಐಎ ಮಾನ್ಯತೆಯ ಓಟ ದೇಶದೊಳಗೇ ಸಿಗುತ್ತಿದೆ. ಅಲ್ಲಿಂದ ಮುಂದಿನ ಹಂತಗಳು ಯುರೋಪಿನಲ್ಲಿರುವುದರಿಂದ ಪ್ರಾಯೋಜಕರಿಲ್ಲದೆ ಸಾಗುವುದು ಕಷ್ಟ. ಇಂಗ್ಲೆಂಡಿನ ಲೂಯಿಸ್ ಹ್ಯಾಮಿಲ್ಟನ್ ಅವರ ತಂದೆ ಆಂಟನಿ ಮಗನ ಕಾರ್ಟಿಂಗ್‌ಗಾಗಿ ಏಕಕಾಲದಲ್ಲಿ ಹಲವು ಕೆಲಸಗಳನ್ನು ಮಾಡಿದ್ದರು. 1998ರಲ್ಲಿ ಮೆಕ್‌ಲಾರೆನ್ ತಂಡ 13 ವರ್ಷದ ಹ್ಯಾಮಿಲ್ಟನ್ ಅವರನ್ನು ತನ್ನ ಆಶ್ರಯಕ್ಕೆ ತೆಗೆದುಕೊಂಡ ಮೇಲೆ ಆ ಭಾರ ಇಳಿಯಿತು.

ಕಾನೂನು

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರು ಸಾರ್ವಜನಿಕ ಸ್ಥಳದಲ್ಲಿ ಕಾರು ಓಡಿಸುವಂತಿಲ್ಲ. 2019ರ ತಿದ್ದುಪಡಿಯಿಂದ ಸೇರಿದ 199ಎ ಕಲಮು, ಅಪ್ರಾಪ್ತರು ವಾಹನ ಓಡಿಸಿ ಅಪರಾಧ ಎಸಗಿದರೆ ಪೋಷಕರು ಅಥವಾ ವಾಹನದ ಮಾಲೀಕರನ್ನು ಹೊಣೆಯಾಗಿಸುತ್ತದೆ. ಇದಕ್ಕೆ ಮೂರು ವರ್ಷಗಳವರೆಗಿನ ಸೆರೆವಾಸ ಮತ್ತು 25,000 ರೂಪಾಯಿ ದಂಡ ಇದೆ. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ ಮತ್ತು ಅಪ್ರಾಪ್ತರಿಗೆ 25 ವರ್ಷ ತುಂಬುವವರೆಗೆ ಚಾಲನಾ ಪರವಾನಗಿ ಸಿಗುವುದಿಲ್ಲ.

ಕಾರ್ಟಿಂಗ್ ನಡೆಯುವುದು ಸಾರ್ವಜನಿಕ ರಸ್ತೆಯಿಂದ ಬೇರ್ಪಟ್ಟ ಟ್ರ್ಯಾಕ್‌ನಲ್ಲಿ. ಅಲ್ಲಿ ಸ್ಪರ್ಧಿಗೆ ಬೇಕಾಗುವುದು ಒಕ್ಕೂಟ ನೀಡುವ ಸ್ಪರ್ಧಾ ಪರವಾನಗಿ ಮತ್ತು ಪೋಷಕರ ಲಿಖಿತ ಒಪ್ಪಿಗೆ. ಈ ಪರವಾನಗಿ ರಸ್ತೆಯಲ್ಲಿ ವಾಹನ ಓಡಿಸಲು ಯಾವ ಅಧಿಕಾರವನ್ನೂ ಕೊಡುವುದಿಲ್ಲ. ರಾಷ್ಟ್ರೀಯ ಚಾಂಪಿಯನ್ ಆದ 16ರ ಹುಡುಗನೂ ಟ್ರ್ಯಾಕ್‌ನಿಂದ ಮನೆಗೆ ಬರುವಾಗ ಕಾರಿನ ಚಾಲಕನ ಆಸನದಲ್ಲಿ ಕೂರುವಂತಿಲ್ಲ.

ಸುರಕ್ಷತೆ

ಕಾರ್ಟ್‌ನಲ್ಲಿ ಸಾಮಾನ್ಯವಾಗಿ ಸೀಟ್ ಬೆಲ್ಟ್ ಇರುವುದಿಲ್ಲ. ಮೇಲೆ ರಕ್ಷಣಾ ಕಂಬಿಗಳಿಲ್ಲದ ವಾಹನ ಮಗುಚಿದರೆ ಚಾಲಕ ಅದರ ಕೆಳಗೆ ಸಿಲುಕುವುದಕ್ಕಿಂತ ಹೊರಗೆ ಬೀಳುವುದು ಕಡಿಮೆ ಅಪಾಯಕರ ಎಂಬುದು ಇದರ ಹಿಂದಿನ ತರ್ಕ. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್, ಉಜ್ಜುಗಾಯ ತಡೆಯುವ ದಿರಿಸು, ಕೈಗವಸು, ಪಾದರಕ್ಷೆ, ಪಕ್ಕೆಲುಬಿನ ಕವಚಗಳನ್ನು ಸ್ಪರ್ಧಿಗಳು ಧರಿಸುತ್ತಾರೆ. ಮಕ್ಕಳ ಕತ್ತು ಭಾರ ತಾಳಲಾರದ ಕಾರಣ ಅವರಿಗಾಗಿ ಹಗುರವಾದ ಹೆಲ್ಮೆಟ್‌ಗಳ ಪ್ರತ್ಯೇಕ ಮಾನದಂಡವಿದೆ. ತಿರುಗುವ ಅಚ್ಚಿಗೆ ಸಿಕ್ಕಿಕೊಳ್ಳದಂತೆ ಉದ್ದ ಕೂದಲನ್ನು ಒಳಗೆ ಕಟ್ಟಿಕೊಳ್ಳಬೇಕು; ದುಪಟ್ಟಾದಂತಹ ಸಡಿಲ ಬಟ್ಟೆ ತೊಟ್ಟು ಮನರಂಜನೆಯ ಕಾರ್ಟ್‌ನಲ್ಲಿಯೂ ಕೂರಬಾರದು.

ಎಷ್ಟೇ ಎಚ್ಚರ ವಹಿಸಿದರೂ ಮೋಟಾರ್ ಕ್ರೀಡೆ ಅಪಾಯದಿಂದ ಮುಕ್ತವಲ್ಲ. 2023ರ ಆಗಸ್ಟ್ 5ರಂದು ಚೆನ್ನೈ ಸಮೀಪದ ಟ್ರ್ಯಾಕ್‌ನಲ್ಲಿ ನಡೆದ ರಾಷ್ಟ್ರೀಯ ಮೋಟಾರ್ ಸೈಕಲ್ ಓಟದಲ್ಲಿ ಬೆಂಗಳೂರಿನ 13 ವರ್ಷದ ಸವಾರನೊಬ್ಬ ಬಿದ್ದು ಮೃತಪಟ್ಟನು. ಮೋಟಾರ್ ಸೈಕಲ್ ಮತ್ತು ಕಾರ್ಟ್‌ಗಳ ಅಪಾಯಗಳು ಬೇರೆಬೇರೆಯಾದರೂ, ಮಕ್ಕಳು ಯಾವ ವಯಸ್ಸಿನಲ್ಲಿ ಯಾವ ವೇಗದ ವಾಹನ ಓಡಿಸಬಹುದು ಎಂಬ ಪ್ರಶ್ನೆಯನ್ನು ಈ ಘಟನೆ ಮುನ್ನೆಲೆಗೆ ತಂದಿತು. ವಿಶ್ವಮಟ್ಟದಲ್ಲೂ ಇದೇ ಚರ್ಚೆ ನಡೆದಿದೆ. ಮಾಜಿ ಚಾಲಕ ಜೋಸ್ ಅವರ ಮಗ ಮ್ಯಾಕ್ಸ್ ವರ್ಸ್ಟಾಪನ್ 2015ರಲ್ಲಿ 17ನೇ ವಯಸ್ಸಿನಲ್ಲಿ ಫಾರ್ಮುಲಾ ಒನ್‌ಗೆ ಬಂದ ನಂತರ, 2016ರಿಂದ ಅಲ್ಲಿನ ಕನಿಷ್ಠ ವಯಸ್ಸನ್ನು 18ಕ್ಕೆ ನಿಗದಿಪಡಿಸಲಾಯಿತು. 2024ರಲ್ಲಿ ವಿಶೇಷ ಸಂದರ್ಭಗಳಲ್ಲಿ 17 ವರ್ಷದವರಿಗೂ ಅವಕಾಶ ನೀಡುವಂತೆ ನಿಯಮ ಸಡಿಲವಾಯಿತು.

ಕುಟುಂಬ ತಂಡದಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ವೃತ್ತಿಪರ ತಂಡದಲ್ಲಿ ಅಪಾಯವನ್ನು ಅಳೆಯುವವರು ಮತ್ತು ಹಣ ಹೂಡಿದವರು ಬೇರೆಬೇರೆಯಾಗಿರಬಹುದು. ಇಲ್ಲಿ ಇಬ್ಬರೂ ಒಬ್ಬರೇ. ವರ್ಷಗಳ ಶ್ರಮ ಮತ್ತು ಹಣ ಸುರಿದ ತಂದೆತಾಯಿಗೆ ಮಗುವಿನ ಹಿಂಜರಿಕೆಯನ್ನು ಗುರುತಿಸುವುದು ಸುಲಭವಲ್ಲ, ಮನೆಯವರ ತ್ಯಾಗವನ್ನು ಕಂಡ ಮಗುವಿಗೆ ಬೇಡವೆನ್ನುವುದೂ ಸುಲಭವಲ್ಲ. ಟ್ರ್ಯಾಕ್‌ನ ಅಧಿಕಾರಿಗಳು ವಾಹನದ ತೂಕ, ಎಂಜಿನ್ನಿನ ಮೊಹರು ಮತ್ತು ಹೆಲ್ಮೆಟ್ಟಿನ ಮಾನದಂಡವನ್ನು ಪರೀಕ್ಷಿಸಬಲ್ಲರು. ಚಾಲಕನಿಗೆ ಓಡಿಸುವ ಮನಸ್ಸು ಇನ್ನೂ ಇದೆಯೇ ಎಂಬ ಪರೀಕ್ಷೆ ಮಾತ್ರ ಪ್ರತಿ ಓಟಕ್ಕೂ ಮೊದಲು ಮನೆಯಲ್ಲೇ ನಡೆಯಬೇಕಾಗುತ್ತದೆ.