ಚಂಡಮಾರುತದ ಲೆಕ್ಕ: ಸಮುದ್ರಕ್ಕೆ ಮೀಟರ್, ಹೊನ್ನವಳ್ಳಿಗೆ ಮಿಲಿಮೀಟರ್

ಹೊನ್ನವಳ್ಳಿ: ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಅಂತ ಟಿವಿಯಲ್ಲಿ ಬಂದ್ರೆ ಸಾಕು, ಅಟ್ಟದಲ್ಲಿ ಕೊಬ್ಬರಿ ಇಟ್ಟವರಿಗೆ ದಿಗಿಲು. ‘ಸಮುದ್ರ ಎರಡು ಮೀಟರ್ ಉಬ್ಬಲಿದೆ’ ಅನ್ನೋ ಸುದ್ದಿ ವಾಟ್ಸಾಪ್‌ನಲ್ಲೂ ಓಡಾಡುತ್ತೆ. ಆದರೆ ನಮ್ಮ ಹೋಬಳಿಯವರು ನೋಡಬೇಕಾದ್ದು ಬೇರೆ ಲೆಕ್ಕ.

ಆ ಎರಡು ಮೀಟರ್ ಏನು?

ಸಮುದ್ರ ದಿನವೂ ಏರಿ ಇಳಿಯುತ್ತೆ. ಯಾವ ಹೊತ್ತಿಗೆ ಎಷ್ಟು ಉಬ್ಬರ ಅನ್ನೋದನ್ನ ಮೊದಲೇ ಲೆಕ್ಕ ಹಾಕಿರ್ತಾರೆ. ಚಂಡಮಾರುತದ ಗಾಳಿ ನೀರನ್ನು ದಡಕ್ಕೆ ತಳ್ಳಿದಾಗ ಮಟ್ಟ ಅದಕ್ಕಿಂತ ಮೇಲೇರುತ್ತದೆ. ಉದಾಹರಣೆಗೆ, 1 ಮೀಟರ್ ಇರಬೇಕಾದ ಹೊತ್ತಿನಲ್ಲಿ 3 ಮೀಟರ್ ಇದ್ದರೆ, ಚಂಡಮಾರುತದ ಪಾಲು 2 ಮೀಟರ್. ಅಲೆಯ ಎತ್ತರ ಇದರಲ್ಲಿ ಸೇರಲ್ಲ.

ಮಂಗಳೂರು, ಕಾರವಾರದಂಥ ಬಂದರುಗಳಲ್ಲಿ ನೀರಿನ ಮಟ್ಟ ಅಳೆಯುವ ಮಾಪಕಗಳಿವೆ. ಮಾಪಕ ಇಲ್ಲದ ಕಡೆ, ನೀರು ಇಳಿದ ಮೇಲೆ ಗೋಡೆಯಲ್ಲಿ ಉಳಿದ ಕೆಸರಿನ ಗೆರೆಯೇ ಅಳತೆ. 1977ರ ನವೆಂಬರ್ 19ರಂದು ಆಂಧ್ರದ ದಿವಿಸೀಮೆಗೆ ಸುಮಾರು 5 ಮೀಟರ್ ನೀರು ನುಗ್ಗಿ 10 ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು.

ನಮ್ಮ ಲೆಕ್ಕ

ತಿಪಟೂರು ಸೀಮೆ ಸಮುದ್ರ ಮಟ್ಟಕ್ಕಿಂತ ಸುಮಾರು 800 ಮೀಟರ್ ಎತ್ತರದಲ್ಲಿದೆ. ಸಮುದ್ರ ಇಲ್ಲಿಗೆ ಬರಲ್ಲ, ಮೋಡ ಬರುತ್ತೆ. 2024ರ ನವೆಂಬರ್ 30ರಂದು ಪುದುಚೇರಿ ಬಳಿ ದಡ ಮುಟ್ಟಿದ ಫೆಂಗಲ್, ನಂತರದ ದಿನಗಳಲ್ಲಿ ದಕ್ಷಿಣ ಒಳನಾಡಿಗೂ ಮಳೆ ತಂದಿತ್ತು.

ಮಳೆಯನ್ನು ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ ಅಳೆಯುತ್ತಾರೆ. 1 ಮಿ.ಮೀ. ಅಂದ್ರೆ ಒಂದು ಚದರ ಮೀಟರ್ ಜಾಗಕ್ಕೆ 1 ಲೀಟರ್ ನೀರು. 64.5 ಮಿ.ಮೀ. ದಾಟಿದರೆ ಹವಾಮಾನ ಇಲಾಖೆ ‘ಭಾರಿ ಮಳೆ’ ಅನ್ನುತ್ತೆ. ಅಷ್ಟು ಸುರಿದರೆ 10 ಅಡಿಗೆ 10 ಅಡಿ ಚಾವಣಿ ಮೇಲೆ ಸುಮಾರು 600 ಲೀಟರ್, ಅಂದ್ರೆ ಮೂರು ಡ್ರಮ್ ನೀರು ಬೀಳುತ್ತೆ. ಒಂದು ಹೆಂಚು ಸರಿದಿದ್ದರೂ ಅಟ್ಟದ ಕೊಬ್ಬರಿಗೆ ಅಪಾಯ.

ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆ ಅಳೆಯುತ್ತದೆ. ಸುದ್ದಿ ಕೇಳಿ ಗಾಬರಿಯಲ್ಲಿ ಸಿಕ್ಕ ಬೆಲೆಗೆ ಕೊಬ್ಬರಿ ಕೊಡುವ ಮುಂಚೆ ಮುನ್ಸೂಚನೆಯಲ್ಲಿ ನಮ್ಮ ಜಿಲ್ಲೆಗೆ ಎಷ್ಟು ಮಿಲಿಮೀಟರ್ ಅಂತ ನೋಡಿ. ಮಳೆ ಕಮ್ಮಿ ಇದ್ದರೂ ಮೋಡ ನಾಲ್ಕು ದಿನ ನಿಂತರೆ ಒಡೆದ ಕೊಬ್ಬರಿಗೆ ಬೂಸ್ಟು ಹಿಡಿಯುತ್ತೆ. ಅಂಥ ದಿನಗಳಲ್ಲಿ ಕಾಯಿ ಒಡೆಯೋದನ್ನ ಮುಂದಕ್ಕೆ ಹಾಕೋದೇ ವಾಸಿ.